ಸಹಿ ಮಾಡದ ನಾಯಿ

ಚನ್ನಬಸಮ್ಮನಿಗೂ ನಾಯಿಗೂ ಆಗಿಬರುತ್ತಿರಲಿಲ್ಲ. ಬಾಲದ ತುದಿ ಸೀರೆಗೆ ತಗುಲಿದರೂ ಸಾಕು, ಸ್ನಾನ ಮಾಡಿ, ಲಿಂಗಪೂಜೆ ಮತ್ತೊಮ್ಮೆ ಮುಗಿಸಿದ ಮೇಲೆಯೇ ಅವಳು ಬಾಯಿಗೆ ನೀರು ಹಾಕುತ್ತಿದ್ದದ್ದು. ಅಂಥವಳ ಮನೆಗೆ ಗಂಡ ಪರಮೇಶಪ್ಪ ಒಂದು ಶನಿವಾರ ಸಂತೆಯಲ್ಲಿ ಹಸಿಮೆಣಸಿನಕಾಯಿ ಮಾರಿ ಬರುವಾಗ ಖಾಲಿ ಚೀಲದೊಳಗೆ ಕಂದುಬಣ್ಣದ ಹೆಣ್ಣುಮರಿಯೊಂದನ್ನು ಹಾಕಿಕೊಂಡು ಬಂದ. “ಇದು ಒಳಕ್ಕೆ ಬಂದ್ರೆ ನಾನು ಹೊರಕ್ಕೆ,” ಎಂದಳು ಚನ್ನಬಸಮ್ಮ. ಒಂಬತ್ತು ವರ್ಷ ಇಬ್ಬರೂ ಆ ಮಾತಿಗೆ ಸರಿಯಾಗಿಯೇ ನಡೆದುಕೊಂಡರು. ಚೂಟಿ ಎಂಬ ಆ ನಾಯಿ ಹೊಸ್ತಿಲು ದಾಟಲಿಲ್ಲ. ಚನ್ನಬಸಮ್ಮ ಒಂದು ದಿನವೂ ಅದರ ಹೆಸರು ಹಿಡಿದು ಕರೆಯಲಿಲ್ಲ. ‘ಆ ಮುಂಡೇದು’ ಎಂದರೆ ಮನೆಯವರಿಗೆಲ್ಲ ಅರ್ಥವಾಗುತ್ತಿತ್ತು.

ಅದೇ ಮುಂಡೇದು ಅರವತ್ತೆಂಟನೆಯ ವಯಸ್ಸಿನಲ್ಲಿ ನಿನಗೆ ಬುದ್ಧಿ ಕಲಿಸುತ್ತದೆ ಎಂದು ಯಾರಾದರೂ ಹೇಳಿದ್ದರೆ ಅವಳು ಪೊರಕೆ ಹುಡುಕುತ್ತಿದ್ದಳು.

ಶನಿವಾರಸಂತೆ ಪೇಟೆಯಿಂದ ಆರು ಕಿಲೋಮೀಟರ್ ಆಚೆ ಹೊನ್ನೆಕೊಡ್ಲು. ಹದಿನೆಂಟು ಮನೆ. ಊರಿಗೂ ಊರಿನ ಗದ್ದೆಗೂ ನಡುವೆ ಒಂದು ಕಾಫಿ ತೋಟ, ತೋಟದ ನಡುವೆ ಒಂದು ಕಾಲುದಾರಿ. ದಿನಾ ಬೆಳಿಗ್ಗೆ ಗದ್ದೆಗೆ ಹೋಗುವವರದೂ ಅದೇ ದಾರಿ, ಗದ್ದೆಯ ಪಕ್ಕದ ರುದ್ರಭೂಮಿಗೆ ಜೀವಮಾನದಲ್ಲಿ ಒಂದೇ ಸಲ ಹೊರಟವರದೂ ಅದೇ ದಾರಿ. ಹತ್ತು ನಿಮಿಷದ ನಡಿಗೆ. ಹಳೇ ಸಾಹುಕಾರರು ತೋಟ ಮಾರಿದರು. ಕೊಂಡವರು ಯಾರೋ, ಎಲ್ಲಿಯವರೋ, ಊರಿನವರು ಅವರ ಮುಖ ನೋಡಿಲ್ಲ. ನೋಡಿದ್ದು ಅವರ ಮ್ಯಾನೇಜರ್ ನಾಗಾರ್ಜುನನ ಮುಖವನ್ನು ಮಾತ್ರ. ಬಂಗಲೆ ಹೋಂಸ್ಟೇ ಆಯಿತು. ಬೇಲಿಗೆ ಮುಳ್ಳುತಂತಿ ಬಂತು. ನವೆಂಬರಿನಲ್ಲಿ ಕಾಲುದಾರಿಯ ಬಾಯಿಗೆ ಕಬ್ಬಿಣದ ಗೇಟೂ ಬಂತು, ಅದರ ಮೇಲೆ ‘ಖಾಸಗಿ ಆಸ್ತಿ, ಅಪ್ಪಣೆಯಿಲ್ಲದೆ ಪ್ರವೇಶವಿಲ್ಲ’ ಎಂಬ ಬೋರ್ಡೂ ಬಂತು.

ಊರಿನವರು ಒಂದು ವಾರ ಕೂಗಾಡಿದರು. ಆಮೇಲೆ ಡಾಂಬರು ರಸ್ತೆ ಹಿಡಿದು ನಾಲ್ಕು ಕಿಲೋಮೀಟರ್ ಸುತ್ತಿ ಗದ್ದೆಗೆ ಹೋಗುವುದನ್ನು ಅಭ್ಯಾಸ ಮಾಡಿಕೊಂಡರು. ಎಲ್ಲರ ಮನೆಯಲ್ಲೂ ಬೈಕ್ ಇತ್ತಲ್ಲ. ಜಗಳಕ್ಕಿಂತ ಪೆಟ್ರೋಲೇ ಅಗ್ಗ ಎಂದುಕೊಳ್ಳುವ ಜನ ನಾವು.

ಗೇಟು ಬಂದ ಎರಡು ತಿಂಗಳಿಗೆ, ಜನವರಿಯಲ್ಲಿ, ಎಲ್ಲ ಕಡೆ ಕಾಫಿ ಪಿಕಿಂಗ್ ನಡೆದಿರುವಾಗ ಪರಮೇಶಪ್ಪ ಹೋಗಿಬಿಟ್ಟ. ರೊಟ್ಟಿ ತಿಂದು ಜಗಲಿಯ ಮೇಲೆ ಕೂತವನು ಮತ್ತೆ ಏಳಲಿಲ್ಲ. ಕುಲದ ಪದ್ಧತಿಯಂತೆ ಮೈಗೆಲ್ಲ ವಿಭೂತಿ ಬಳಿದು, ಪದ್ಮಾಸನದಲ್ಲಿ ಕೂರಿಸಿ, ಬಾಳೆಕಂಬ ಚೆಂಡುಹೂವಿನಿಂದ ಹೆಣ ಹೊರುವ ವಿಮಾನ ಕಟ್ಟಿದರು. ಹೆಗಲು ಕೊಡುವವರು ಪಂಚೆ ಬಿಗಿದು ನಿಂತರು. ಹೊರಡುವ ಹೊತ್ತಿಗೆ ಊರ ಹಿರಿಯ ಸಾಂತಪ್ಪ ಗಂಟಲು ಸರಿಮಾಡಿಕೊಂಡ.

“ಹೆಣ ಇಟ್ಕಂಡು ಗೇಟ್ ಮುಂದೆ ಜಗಳ ಆಡದು ಚಂದ ಅಲ್ಲ. ಇದೊಂದ್ ಸಲ ರಸ್ತೆ ಮ್ಯಾಲೆ ಹೋಗನ.”

ಮಗ ಮಂಜೇಶ್ ಒಂದು ಪಿಕಪ್ ಗಾಡಿ ತಂದ. ಚನ್ನಬಸಮ್ಮ ಏನೂ ಹೇಳಲಿಲ್ಲ. ಆ ಹೊತ್ತಿನಲ್ಲಿ ಹೆಂಗಸಿನ ಮಾತು ಯಾರು ಕೇಳುತ್ತಾರೆ ಎಂದಲ್ಲ. ಅವಳಿಗೂ ಆಗ ಅದೇ ಸರಿ ಎನಿಸಿತ್ತು. ಆಮೇಲೆ ಅವಳು ತನ್ನನ್ನು ತಾನು ಕ್ಷಮಿಸಿಕೊಳ್ಳದೆ ಹೋದದ್ದು ಅದಕ್ಕೇ.

ವಿಮಾನವನ್ನು ಪಿಕಪ್ಪಿಗೆ ಹಗ್ಗದಿಂದ ಬಿಗಿದಿದ್ದರು. ಹಿಂದಿನ ಆಟೋದಲ್ಲಿ ಸೊಸೆ ಕುಸುಮಾಳ ಪಕ್ಕ ಕೂತು ಚನ್ನಬಸಮ್ಮ ನೋಡುತ್ತಲೇ ಇದ್ದಳು. ಕಲ್ಲುಕ್ವಾರಿಯ ತಿರುವಿನಲ್ಲಿ ಗಾಡಿ ಹಂಪ್ ಹತ್ತಿ ಇಳಿದಾಗ ಪರಮೇಶಪ್ಪನ ತಲೆ ಮುಂದಕ್ಕೆ ಬಾಗಿ ಎದೆಗೆ ತಗುಲಿತು. ಬದುಕಿದ್ದಷ್ಟು ದಿನ ಯಾರ ಮುಂದೆಯೂ ತಲೆ ತಗ್ಗಿಸದ ಮನುಷ್ಯ. ಉಳಿದ ದಾರಿಯೆಲ್ಲ ತಗ್ಗಿಸಿಕೊಂಡೇ ಹೋದ.

ರುದ್ರಭೂಮಿ ತಲುಪಿದರೆ, ಗುಣಿಯಿಂದ ತೆಗೆದ ಮಣ್ಣಿನ ಗುಡ್ಡೆಯ ಮೇಲೆ ಚೂಟಿ ಕೂತಿತ್ತು. ಮೈತುಂಬ ಉತ್ತರಾಣಿ ಮುಳ್ಳು, ಮೂತಿಯ ಮೇಲೆ ಹಸಿಮಣ್ಣು. ಗೇಟಿನ ಅಡಿ ಕೆರೆದು ನುಸುಳಿ, ಹಳೇ ದಾರಿಯಲ್ಲಿ ಎಲ್ಲರಿಗಿಂತ ಮುಂಚೆ ಬಂದು, ಇಷ್ಟು ತಡವೇಕೆ ಎನ್ನುವ ಹಾಗೆ ನೋಡುತ್ತಿತ್ತು. ಊರಿಗೆ ಊರೇ ಸುತ್ತಿಕೊಂಡು ಬಂದಿತ್ತು. ನೇರ ಬಂದದ್ದು ಅದೊಂದೇ.

ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ. ದಾರಿ ಬಿಡಿಸಿಕೊಡಿ ಎಂದು ಊರು ಪಂಚಾಯ್ತಿಗೆ ಹೇಳಿತು, ಪಂಚಾಯ್ತಿ ತಾಲ್ಲೂಕು ಕಚೇರಿಗೆ ಹೇಳಿತು, ಕಚೇರಿ ಮಳೆ ನಿಲ್ಲಲಿ ಎಂದಿತು. ಮಳೆ ನಿಂತು ಅಕ್ಟೋಬರ್ ಬಂದಾಗ ರೆವಿನ್ಯೂ ಇನ್ಸ್‌ಪೆಕ್ಟರ್ ಒಬ್ಬರು ನಕ್ಷೆ ಹಿಡಿದು ಗೇಟಿನ ಹತ್ತಿರ ಬಂದರು. ಒಳ್ಳೆಯ ಮನುಷ್ಯ, ಆದರೆ ಕಾಗದದ ಮನುಷ್ಯ.

“ನಕ್ಷೆಯಲ್ಲಿ ದಾರಿ ಗುರುತು ಇಲ್ಲ,” ಎಂದರು. “ಆದರೂ ಜನ ಬಳಸ್ತಾ ಇದ್ದಾರೆ ಅಂತಾದ್ರೆ ನಾನು ಬರೀಬಹುದು. ಬಳಸ್ತಾ ಇದ್ದೀರಾ?”

“ನಮ್ಮ ಮುತ್ತಜ್ಜನ ಕಾಲ್ದಿಂದ, ಸಾ,” ಎಂದ ಸಾಂತಪ್ಪ.

“ಮುತ್ತಜ್ಜನ ವಿಷ್ಯ ಅಲ್ಲ. ಈಗ?”

ಗಂಡಸರು ತಾವು ನಿಲ್ಲಿಸಿ ಬಂದ ಬೈಕುಗಳ ಕಡೆ ನೋಡಿದರು. ನಾಗಾರ್ಜುನ ನಯವಾಗಿ ನಕ್ಕ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು.

“ಸರ್, ಇವರೆಲ್ಲ ರಸ್ತೇಲೇ ಓಡಾಡೋದು. ಹೋದ ಜನವರೀಲಿ ಇವರ ಊರಿನ ಹೆಣ ಕೂಡ ರಸ್ತೇಲೇ ಹೋಯ್ತು. ದಾರಿ ಅಂತ ಒಂದಿದ್ದಿದ್ರೆ ಹೆಣಾನ ಯಾರಾದ್ರೂ ಸುತ್ತು ಹಾಕಿಸ್ತಾರಾ?”

ಚನ್ನಬಸಮ್ಮ ಹೆಂಗಸರ ಸಾಲಿನಲ್ಲಿ ನಿಂತಿದ್ದಳು. ಅವಳ ಕಿವಿ ಕಾದುಹೋಯಿತು. ಅವನು ಸುಳ್ಳು ಹೇಳಿದ್ದರೆ ಬೈಯಬಹುದಾಗಿತ್ತು. ಹೇಳಿದ್ದು ನಿಜ. ಪರಮೇಶಪ್ಪನ ಹೆಣವನ್ನೇ ಸಾಕ್ಷಿ ಮಾಡಿ ಪರಮೇಶಪ್ಪನ ದಾರಿಯನ್ನು ಕಸಿದುಕೊಳ್ಳುತ್ತಿದ್ದ, ಆ ಸಾಕ್ಷಿಯನ್ನು ಅವನ ಕೈಗೆ ಕೊಟ್ಟವರು ತಾವೇ. ಜನವರಿಯಲ್ಲಿ ಇನ್ನೊಮ್ಮೆ ಬಂದು ಕೊನೆಯ ವರದಿ ಬರೆಯುತ್ತೇನೆ ಎಂದು ಹೇಳಿ ಇನ್ಸ್‌ಪೆಕ್ಟರ್ ಹೊರಟರು.

ಮಾರನೆಯ ಬೆಳಿಗ್ಗೆ ಒಂಬತ್ತೂವರೆಗೆ ಚೂಟಿ ಅಂಗಳದಲ್ಲಿ ಎದ್ದು ಮೈಕೊಡವಿಕೊಂಡಿತು. ಪರಮೇಶಪ್ಪ ಗದ್ದೆಗೆ ಹೊರಡುತ್ತಿದ್ದ ಹೊತ್ತು ಅದು. ಆತ ಹೋಗಿ ಒಂಬತ್ತು ತಿಂಗಳಾದರೂ ನಾಯಿಯ ಹೊತ್ತು ಬದಲಾಗಿರಲಿಲ್ಲ. ಅಂದು ಚನ್ನಬಸಮ್ಮ ಚಪ್ಪಲಿ ಮೆಟ್ಟಿ ಅದರ ಹಿಂದೆ ಹೊರಟಳು. ಮೈ ತಗುಲಬಾರದಲ್ಲ, ಅದಕ್ಕೆ ಹತ್ತು ಮಾರು ಹಿಂದೆ.

ಗೇಟಿನ ಹತ್ತಿರ ನಾಯಿ ಕಬ್ಬಿಣದ ಅಡಿಯ ತಗ್ಗಿನಲ್ಲಿ ನುಸುಳಿ ಒಳಗೆ ಹೋಯಿತು. ಪಕ್ಕದಲ್ಲಿ ತೋಟದ ಆಳುಗಳಿಗೆಂದು ಬಿಟ್ಟಿದ್ದ ಕಿರುಬಾಗಿಲು ತೆರೆದೇ ಇತ್ತು. ಚನ್ನಬಸಮ್ಮ ಅದರೊಳಗೆ ಕಾಲಿಟ್ಟಳು. ಸ್ಟೂಲಿನ ಮೇಲಿದ್ದ ವಾಚ್‌ಮನ್ ಗಡಬಡಿಸಿ ಎದ್ದ. ಅವನ ಹೆಸರು ಚಿಕ್ಕ, ಆಳು ಮಾತ್ರ ಆರಡಿ. ಅದೇ ತೋಟದ ಕೂಲಿಮನೆಗಳ ಲೈನಿನಲ್ಲಿ ಹುಟ್ಟಿ ಬೆಳೆದವನು, ನಾಲ್ಕನೇ ಕ್ಲಾಸು ಓದಿದವನು, ತನ್ನ ಅಕ್ಷರದ ಬಗ್ಗೆ ಬಹಳ ಹೆಮ್ಮೆಯವನು.

“ಅಮ್ಮೋರೇ, ನಿಲ್ಲಿ ನಿಲ್ಲಿ. ಈ ಬುಕ್ಕಲ್ಲಿ ಒಂದ್ ಸೈನ್ ಹಾಕ್ಬುಟ್ಟು ಹೋಗಿ. ಯಾರು, ಯಾಕೆ, ಎಷ್ಟೊತ್ತಿಗೆ ಅಂತ. ಇಲ್ದಿದ್ರೆ ಮ್ಯಾನೇಜರ್ ಸಾರ್ ನಂಗೆ ಬೈತಾರೆ.”

“ಅಕಾ, ಮುಂದೆ ಹೋಯ್ತಲ್ಲ, ಆ ಮುಂಡೇದು ಸೈನ್ ಹಾಕ್ತಾ?”

“ಅದು ನಾಯಿ, ಅಮ್ಮೋರೇ.”

“ನಾನು ಅದ್ಕಿಂತ ಕಡಿಮೇನಾ?”

ಚಿಕ್ಕನಿಗೆ ತಡೆಯಲು ಕೈ ಬರಲಿಲ್ಲ, ಎಷ್ಟಾದರೂ ಪರಮೇಶಪ್ಪನ ಹೆಂಡತಿ. ಪೆನ್ನು ನಾಲಿಗೆಗೆ ಮುಟ್ಟಿಸಿಕೊಂಡು, ಒಂದೊಂದೇ ಅಕ್ಷರ ಬಾಯಲ್ಲಿ ಹೇಳಿಕೊಳ್ಳುತ್ತ ಬರೆದ. “ನಾಯಿ. ಒಂಬತ್ತು ನಲವತ್ತು. ಸೈನ್ ಇಲ್ಲ. ಚನ್ನಬಸಮ್ಮೋರು. ಒಂಬತ್ತು ನಲವತ್ತೊಂದು. ಸೈನ್ ಇಲ್ಲ.”

“ನಾಯಿನೂ ಬರೀತೀಯೇನೋ?”

“ಕಾರಾಗ್ಲಿ ಕತ್ತೆಯಾಗ್ಲಿ, ಗೇಟ್ ದಾಟಿದ್ದು ಬರೀಬೇಕು ಅಂತ ಆರ್ಡರ್, ಅಮ್ಮೋರೇ. ಒಂದಿನ ಮುಂಗುಸಿ ಬಂದಿತ್ತು, ಅದನ್ನೂ ಬರ್ದಿವ್ನಿ.”

ಒಳಗೆ ಹೋದಳು. ಹಳೇ ದಾರಿಯ ಮೇಲೆ ಎರಡೂ ಕಡೆಯಿಂದ ಹುಲ್ಲು ಕವಿದಿತ್ತು, ಸಿಲ್ವರ್ ಮರದ ಒಣ ಎಲೆ ಬಿದ್ದು ಮುಚ್ಚಿತ್ತು. ಇಲ್ಲ, ಪೂರ್ತಿ ಮುಚ್ಚಿರಲಿಲ್ಲ. ನಡುವೆ ಒಂದು ಗೇಣು ಅಗಲದಲ್ಲಿ ಮಣ್ಣು ನುಣ್ಣಗೆ ಸವೆದು ಬಿಳಿಚಿಕೊಂಡಿತ್ತು, ಗಿಡಗಳ ನಡುವೆ ಬಾಗಿ, ನೀರಿನ ತೋಡು ದಾಟಿ, ಗದ್ದೆಯವರೆಗೂ ಹಾಗೆಯೇ ಹೋಗಿತ್ತು. ಮನುಷ್ಯರು ಬಿಟ್ಟುಕೊಟ್ಟ ದಾರಿಯನ್ನು ಹನ್ನೊಂದು ತಿಂಗಳು ಒಂದು ನಾಯಿ ನಾಲ್ಕು ಕಾಲಲ್ಲಿ ಸವೆಸಿ ಉಳಿಸಿತ್ತು. ಚನ್ನಬಸಮ್ಮ ಆ ಗೇಣಗಲದ ಮಣ್ಣಿನ ಮೇಲೆ ಕಾಲಿಟ್ಟು ನಡೆದಳು. ಅವಳಿಗೆ ನಾಚಿಕೆಯಾಯಿತು.

ನಾಯಿ ಸಮಾಧಿಯ ಮುಂದೆ ಕೂತು ಗೋಳಾಡುತ್ತದೆ ಎಂದು ನೀವು ಎಣಿಸಿದ್ದರೆ, ಇಲ್ಲ. ನಿಷ್ಠೆ ಗಿಷ್ಠೆ ಎಂದು ಕಣ್ಣೊರೆಸಿಕೊಳ್ಳುವವರು ಒರೆಸಿಕೊಳ್ಳಲಿ. ಚೂಟಿ ರುದ್ರಭೂಮಿಯ ಅಂಚಿನ ಹೊನ್ನೆಮರದ ಕೆಳಗೆ ಸ್ವಲ್ಪ ಹೊತ್ತು ಕೂತಿತು. ಪರಮೇಶಪ್ಪ ಅಲ್ಲಿ ರೊಟ್ಟಿ ಮುರಿದು ಅರ್ಧ ಕೊಡುತ್ತಿದ್ದ. ಈಗ ರೊಟ್ಟಿ ಇಲ್ಲ. ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಗದ್ದೆಗಿಳಿದು ಒಂದು ಕೊಕ್ಕರೆಯನ್ನು ಓಡಿಸಿ, ಕೆಸರಿನಲ್ಲಿ ಹೊರಳಿ, ಬಂದ ದಾರಿಯಲ್ಲೇ ವಾಪಸ್ಸು ಹೊರಟಿತು. ಅದಕ್ಕೆ ಅದು ದಾರಿ. ಅಷ್ಟೇ.

ಮೂರನೆಯ ದಿನ ನಾಗಾರ್ಜುನ ಜೀಪಿನಲ್ಲಿ ಅಡ್ಡ ಬಂದ. “ಅಮ್ಮಾ, ಇದು ಟ್ರೆಸ್‌ಪಾಸ್,” ಎಂದು ಅವಳನ್ನು ಜೀಪಿನಲ್ಲಿ ಕೂರಿಸಿಕೊಂಡು ಗೇಟಿನ ಹೊರಗೆ ಇಳಿಸಿದ. ಮೆಣಸಿನ ಬಳ್ಳಿ ಕಟ್ಟುತ್ತಿದ್ದ ಆಳುಗಳೆಲ್ಲ ಕೆಲಸ ನಿಲ್ಲಿಸಿ ನೋಡಿದರು. ಚನ್ನಬಸಮ್ಮ ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅವಳನ್ನು ಹುಟ್ಟಿದಾಗಿನಿಂದ ಯಾರೂ ಎಲ್ಲಿಂದಲೂ ಹೊರಗೆ ಹಾಕಿರಲಿಲ್ಲ.

“ಬಿಡಿ ಅತ್ತೆ, ಆ ದಾರಿನೇ ಬ್ಯಾಡ ನಮ್ಗೆ,” ಎಂದಳು ಕುಸುಮಾ ಕಾಫಿ ತಂದಿಟ್ಟು.

ಅದೇ ದಿನ ಗೇಟಿನ ಅಡಿಯ ತಗ್ಗಿಗೆ ದಪ್ಪ ಕಲ್ಲು ತುಂಬಿಸಿದ್ದರು. ಬೆಳಗಾದ ಮೇಲೆ ಚನ್ನಬಸಮ್ಮ ಒಳಗೆ ಹೋಗುವುದಿಲ್ಲ, ಸುಮ್ಮನೆ ನೋಡಿ ಬರುತ್ತೇನೆ ಎಂದುಕೊಂಡು ನಾಯಿಯ ಹಿಂದೆ ಹೋದಳು. ಚೂಟಿ ಕಲ್ಲನ್ನು ಮೂಸಿತು. ಒಂದು ಮೊಳ ಎಡಕ್ಕೆ ಸರಿಯಿತು. ಕೆರೆಯಲು ಶುರುಮಾಡಿತು. ಕಲ್ಲಿಗೆ ಬೈಯಲಿಲ್ಲ, ಕಲ್ಲಿಟ್ಟವನನ್ನು ನೆನೆದು ಬೊಗಳಲಿಲ್ಲ. ನಿನ್ನೆ ಮುಚ್ಚಿದರಲ್ಲ ಎಂದು ಅವಮಾನಪಟ್ಟು ಮನೆಯಲ್ಲಿ ಮಲಗಲಿಲ್ಲ. ಅರ್ಜಿ ಬರೆಯಲಿಲ್ಲ. ಕಾಲು ಗಂಟೆಯಲ್ಲಿ ಹೊಸ ತಗ್ಗು ತಯಾರಾಯಿತು, ನುಸುಳಿತು, ಮೈಕೊಡವಿತು, ಹೋಯಿತು.

ಚನ್ನಬಸಮ್ಮ ನಿಂತಲ್ಲೇ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ‘ನೋಡು, ನನ್ನ ಹೊರಗೆ ಹಾಕಿದ್ದು ಅವನಿಗೆ ಅವಮಾನ, ನನಗಲ್ಲ,’ ಎಂದು ತನಗೆ ತಾನೇ ಹೇಳಿಕೊಂಡು ಕಿರುಬಾಗಿಲು ದಾಟಿದಳು. ಚಿಕ್ಕ ಪುಸ್ತಕ ತೆರೆದ.

ಆಮೇಲೆ ಅದೊಂದು ದಿನಚರಿಯೇ ಆಯಿತು. ನಾಗಾರ್ಜುನ ಕಂಡ ದಿನ ಹೊರಗೆ ಹಾಕುತ್ತಿದ್ದ, ಕಾಣದ ದಿನ ಅವಳು ರುದ್ರಭೂಮಿ ಮುಟ್ಟಿ ಬರುತ್ತಿದ್ದಳು. ತಗ್ಗಿಗೆ ಮುಳ್ಳು ತುಂಬಿದರು, ಚೂಟಿ ಬಲಕ್ಕೆ ಕೆರೆಯಿತು. ಜಲ್ಲಿ ಸುರಿದರು, ಆಚೆ ಕಂಬದ ಬುಡದಲ್ಲಿ ಕೆರೆಯಿತು. ನಾಯಿಬಾಲ ಡೊಂಕು, ದಬ್ಬೆ ಕಟ್ಟಿದರೂ ನೆಟ್ಟಗಾಗದು ಎಂದು ಜನ ಹೀಯಾಳಿಸುತ್ತಾರಲ್ಲ, ಅದು ಬೈಗುಳವೋ ಬಿರುದೋ ಎಂದು ಚನ್ನಬಸಮ್ಮನಿಗೆ ಆ ದಿನಗಳಲ್ಲಿ ಅನುಮಾನ ಹುಟ್ಟಿತು.

ನವೆಂಬರಿನ ಒಂದು ಬೆಳಿಗ್ಗೆ ಅವಳು ತೋಡಿನ ಹತ್ತಿರ ಇರುವಾಗ ಬಂಗಲೆ ಕಡೆಯಿಂದ ಹೋಂಸ್ಟೇಯ ಕಾವಲು ನಾಯಿಯನ್ನು ಬಿಟ್ಟರು. ಕರಿಯ ಬಣ್ಣ, ಕರುವಿನ ಗಾತ್ರ, ಟೈಗರ್ ಎಂದು ಹೆಸರು. ನೆಲ ನಡುಗಿಸಿಕೊಂಡು ಬಂತು. ಚನ್ನಬಸಮ್ಮ ಕೂಗಿ, ಸೀರೆ ಎತ್ತಿ ಹಿಂದಕ್ಕೆ ತಿರುಗಿದಳು. ತಿರುಗಿದವಳಿಗೆ ಚೂಟಿ ಕಂಡಿತು. ಟೈಗರಿನ ಕಾಲುಭಾಗವೂ ಇಲ್ಲದ ಆ ಹೆಣ್ಣುನಾಯಿ ದಾರಿಯ ನಡುವೆ ಕದಲದೆ ನಿಂತಿತ್ತು. ಹಲ್ಲು ತೋರಿಸಲಿಲ್ಲ. ಬಾಲ ಮೇಲೆ, ಮುಖ ಬೇರೆ ಕಡೆ. ನೀನು ಬಂದದ್ದು ಕಂಡಿದೆ, ಅದಕ್ಕೇನೀಗ ಎನ್ನುವ ಹಾಗೆ ಒಮ್ಮೆ ಆಕಳಿಸಿತು. ಓಡಿದವರನ್ನು ಅಟ್ಟಿಸಿಕೊಂಡು ಹೋಗುವುದು ನಾಯಿಯ ಜಾತಿಗುಣ, ನಿಂತವರ ಮುಂದೆ ಅದಕ್ಕೆ ಏನು ಮಾಡಬೇಕೆಂದೇ ತಿಳಿಯದು. ಚನ್ನಬಸಮ್ಮ ಎತ್ತಿದ್ದ ಸೀರೆ ಬಿಟ್ಟು, ಚೂಟಿಯ ಪಕ್ಕಕ್ಕೆ ಬಂದು, ಬಂಗಲೆಯ ಕಡೆ ಮುಖ ಮಾಡಿ ನಿಂತಳು. ಟೈಗರ್ ಬಂದು, ನಿಂತು, ಇಬ್ಬರನ್ನೂ ಮೂಸಿ, ಅಲ್ಲೇ ಒಂದು ಕಾಫಿ ಗಿಡಕ್ಕೆ ಕಾಲೆತ್ತಿತು. ಪಾಪ, ಅದನ್ನು ನಡೆದಾಡಿಸುವವರೇ ಇರಲಿಲ್ಲ. ಆವತ್ತಿನಿಂದ ಅದೂ ಗದ್ದೆಯ ತನಕ ಜೊತೆಗೆ ಬಂದು ಕಳಿಸಿ ಹೋಗತೊಡಗಿತು.

ಡಿಸೆಂಬರಿನ ಕೊನೆಯ ಭಾನುವಾರ ನಾಗಾರ್ಜುನ ಮನೆಗೇ ಬಂದ. ಕೈಯಲ್ಲಿ ಕ್ರಿಸ್‌ಮಸ್ ಕೇಕಿನ ಡಬ್ಬಿ. ಮಂಜೇಶ್ ಕುರ್ಚಿಯ ಧೂಳು ಒರೆಸಿ ಹಾಕಿದ. ಅವನು ಬೆಳೆದ ಬೀನ್ಸು, ಎಲೆಕೋಸು ವಾರಕ್ಕೆರಡು ಸಲ ಹೋಂಸ್ಟೇ ಅಡುಗೆಮನೆಗೆ ಹೋಗುತ್ತಿತ್ತು. ಅಮ್ಮನ ಹಟದಿಂದ ಎಲ್ಲಿ ನಿಂತುಹೋಗುತ್ತದೋ ಎಂದು ಎರಡು ತಿಂಗಳಿಂದ ಅವನಿಗೆ ನಿದ್ದೆ ಕಡಿಮೆ.

“ಅಮ್ಮಾ, ನನಗೂ ತಾಯಿ ಇದ್ದಾರೆ,” ಎಂದ ನಾಗಾರ್ಜುನ. “ಜಗಳ ಬೇಡ. ನಿಮಗೆ ಒಂದು ಪಾಸ್ ಮಾಡಿಸಿಕೊಡ್ತೀನಿ, ಫೋಟೋ ಹಾಕಿ, ಲ್ಯಾಮಿನೇಷನ್ ಮಾಡಿಸಿ. ಗೇಟಲ್ಲಿ ತೋರಿಸಿ, ಬುಕ್ಕಲ್ಲಿ ಸೈನ್ ಹಾಕಿ, ದಿನಾ ಬೇಕಾದ್ರೂ ಹೋಗಿ. ನೀವಿರೋ ತನಕ ಯಾರೂ ತಡೆಯಲ್ಲ.”

“ಅವ್ವ, ಇನ್ನೇನ್ ಬೇಕು ನಿಂಗೆ?” ಎಂದ ಮಂಜೇಶ್. “ಅವ್ರೇ ಮನೆ ಬಾಗ್ಲಿಗೆ ಬಂದವ್ರೆ. ಹೂಂ ಅನ್ನು.”

ನಿಜ ಹೇಳಬೇಕೆಂದರೆ ಚನ್ನಬಸಮ್ಮನಿಗೆ ಹೂಂ ಎನ್ನುವ ಮನಸ್ಸಾಯಿತು. ಕಾಲು ನೋಯುತ್ತಿತ್ತು. ದಿನವೂ ಹೊರಗೆ ಹಾಕಿಸಿಕೊಂಡು ಸಾಕಾಗಿತ್ತು. ಇನ್ನೆಷ್ಟು ವರ್ಷ, ಗಂಡನ ಸಮಾಧಿಗೆ ಹೋಗಿಬಂದರೆ ಆಯಿತಲ್ಲ.

ನಾಗಾರ್ಜುನ ಮೆಟ್ಟಿಲ ಕೆಳಗಿದ್ದ ಚೂಟಿಗೆ ಒಂದು ತುಂಡು ಕೇಕ್ ಎಸೆದ. ನಾಯಿ ಗಬಕ್ಕನೆ ತಿಂದು, ಬಾಲವಾಡಿಸಿ, ಅವನ ಕೈಯನ್ನೂ ನೆಕ್ಕಿತು.

“ನೋಡಿದ್ರಾ?” ಎಂದು ನಕ್ಕ. “ನಾಯಿಗೂ ಗೊತ್ತಾಗುತ್ತೆ.”

ಗಡಿಯಾರ ಒಂಬತ್ತೂವರೆ ಹೊಡೆಯಿತು. ಚೂಟಿ ಮೀಸೆಗೆ ಅಂಟಿದ ಕೇಕನ್ನು ನೆಕ್ಕಿಕೊಂಡು, ಮೈಕೊಡವಿ, ಅವನ ಕಡೆ ತಿರುಗಿಯೂ ನೋಡದೆ ಹೊರಟಿತು. ಕೊಟ್ಟದ್ದನ್ನು ತಿಂದಿತು, ತಿಂದದ್ದಕ್ಕೆ ಬಾಲ ಅಲ್ಲಾಡಿಸಿತು, ಅಲ್ಲಿಗೆ ಅದು ಮುಗಿಯಿತು. ದಾರಿಯ ಮಾತೇ ಬೇರೆ.

ಚನ್ನಬಸಮ್ಮ ಎದ್ದಳು. “ಕೇಕಿಗೆ ಮೊಟ್ಟೆ ಹಾಕಿಲ್ಲ ತಾನೆ?”

“ಇಲ್ಲಮ್ಮ. ನಿಮಗೋಸ್ಕರ ಎಗ್‌ಲೆಸ್ ಮಾಡಿಸಿದ್ದು.”

“ಒಳ್ಳೇದಾಯ್ತು. ಕುಸುಮಾ, ಒಳಗಿಡು, ಮಕ್ಳು ತಿನ್ಲಿ.” ಚಪ್ಪಲಿ ಮೆಟ್ಟಿದಳು. “ಪಾಸ್ ಬ್ಯಾಡ ಕಣಪ್ಪ. ಕೇಳ್ಕಂಡು ಹೋದ್ರೆ ಅದು ನಿಮ್ ದಾರಿ. ಕೇಳ್ದೆ ಹೋದ್ರೆ ನಮ್ ದಾರಿ.”

ಅಂಗಳ ದಾಟುವಾಗ ಹಿಂದೆ ಇನ್ನೊಂದು ಜೊತೆ ಚಪ್ಪಲಿಯ ಸದ್ದು ಕೇಳಿಸಿತು. ಕುಸುಮಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬರುತ್ತಿದ್ದಳು. ಗಂಡನ ಕಡೆ ನೋಡಲಿಲ್ಲ. “ಅತ್ತೆ, ನಂಗೂ ಗದ್ದೇಲಿ ಕೆಲ್ಸ ಅದೆ,” ಎಂದಳು. ಅಂದು ಚಿಕ್ಕ ಮೂರು ಸಾಲು ಬರೆದ. ಮರುದಿನ ಪಕ್ಕದ ಮನೆಯವಳು ಸೇರಿ ನಾಲ್ಕು ಸಾಲು. ಹೊಸ ವರ್ಷ ಬರುವ ಹೊತ್ತಿಗೆ ಊರಿನ ಒಂಬತ್ತು ಜನ ಹೆಂಗಸರು ಆ ದಾರಿಯಲ್ಲಿ ಗದ್ದೆಗೆ ಹೋಗುತ್ತಿದ್ದರು. ಗಂಡಸರು ಮಾತ್ರ ಇನ್ನೂ ಪರಿಸ್ಥಿತಿಯನ್ನು ಪರಿಶೀಲಿಸುತ್ತಿದ್ದರು.

ಜನವರಿ ಎರಡನೇ ವಾರ ಇನ್ಸ್‌ಪೆಕ್ಟರ್ ಬಂದರು. ಊರೆಲ್ಲ ಗೇಟಿನ ಮುಂದೆ ಸೇರಿತ್ತು. ಈ ಸಲ ನಾಗಾರ್ಜುನ ನಗುತ್ತಿರಲಿಲ್ಲ. ಪಾಸು ಬೇಡ ಎಂದದ್ದು ಅವನಿಗೆ ತಾಗಿತ್ತು. ಚಿಕ್ಕನ ಮೇಜಿನಿಂದ ಎರಡು ದಪ್ಪ ರಿಜಿಸ್ಟರ್ ತಂದು ಇನ್ಸ್‌ಪೆಕ್ಟರ್ ಮುಂದೆ ಜೀಪಿನ ಬಾನೆಟ್ಟಿನ ಮೇಲೆ ದಬ್ಬನೆ ಇಟ್ಟ.

“ಸರ್, ನಾನು ಕಂಪ್ಲೇಂಟ್ ಕೊಡ್ತಿದ್ದೀನಿ. ಈ ಹೆಂಗಸು ಅಕ್ಟೋಬರಿಂದ ದಿನಾ ಅತಿಕ್ರಮ ಪ್ರವೇಶ ಮಾಡ್ತಿದ್ದಾರೆ. ಈಗ ಬೇರೆಯವರನ್ನೂ ಕಟ್ಕೊಂಡು ಬರ್ತಾರೆ. ಎಲ್ಲದಕ್ಕೂ ರೆಕಾರ್ಡ್ ಇದೆ. ತಾರೀಕು, ಟೈಮ್, ಎಲ್ಲ. ನೀವೇ ನೋಡಿ.”

ಇನ್ಸ್‌ಪೆಕ್ಟರ್ ಕನ್ನಡಕ ಹಾಕಿಕೊಂಡು ಹಾಳೆ ತಿರುಗಿಸಿದರು. ತಿರುಗಿಸುತ್ತಲೇ ಹೋದರು. ಅವರ ಹುಬ್ಬು ಮೇಲೇರಿತು.

“ಇದೇನಿದು, ದಿನಾ ‘ನಾಯಿ’ ಅಂತಿದೆ?”

ಚಿಕ್ಕ ಒಂದು ಹೆಜ್ಜೆ ಮುಂದೆ ಬಂದ. “ಪರಮೇಶಪ್ಪೋರ ನಾಯಿ, ಸಾರ್. ಗೇಟ್ ಆದಾಗಿಂದ ದಿನಾ ಹೋಯ್ತದೆ. ಗೇಟ್ ದಾಟಿದ್ದೆಲ್ಲ ಬರೀಬೇಕು ಅಂತ ಮ್ಯಾನೇಜರ್ ಸಾರೇ ಹೇಳಿದ್ರು.”

“ಮಳೇಲೂ?”

“ಮಳೇಲೂ ಹೋಯ್ತು, ನಾನೂ ಬರ್ದೆ.”

ಇನ್ಸ್‌ಪೆಕ್ಟರ್ ನಾಗಾರ್ಜುನನ ಕಡೆ ತಿರುಗಿದರು. “ಇವರಿಗೆ ನೀವು ಯಾವತ್ತಾದ್ರೂ ಅಪ್ಪಣೆ ಕೊಟ್ಟಿದ್ದೀರಾ?”

“ಒಂದು ದಿನಾನೂ ಕೊಟ್ಟಿಲ್ಲ ಸರ್!”

“ಇವರು ಕೇಳಿದ್ರಾ?”

“ಎಲ್ಲಿ ಕೇಳ್ತಾರೆ ಸರ್? ನಾನಾಗೇ ಮನೆಗೆ ಹೋಗಿ ಪಾಸ್ ಕೊಡ್ತೀನಿ ಅಂದೆ. ಬೇಡ ಅಂದ್ರು! ನಮ್ಮ ದಾರಿ ಅಂದ್ರು! ಅಷ್ಟು ಸೊಕ್ಕು!”

ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದರು. “ಹಾಗಾದ್ರೆ ಜನ ಈ ದಾರಿಯಲ್ಲಿ ದಿನಾ ಓಡಾಡ್ತಾ ಇದ್ದಾರೆ. ಯಾರ ಅಪ್ಪಣೆನೂ ಕೇಳದೆ, ತಮ್ಮ ದಾರಿ ಅಂತಲೇ ಓಡಾಡ್ತಾ ಇದ್ದಾರೆ. ನಾನು ಹೋದ ಸಲ ಕೇಳಿದ್ದು ಇದನ್ನೇ. ಇವರ ಹತ್ರ ಸಾಕ್ಷಿ ಇರಲಿಲ್ಲ. ನೀವು ಬರೆದಿಟ್ಟಿದ್ದೀರಿ.”

ನಾಗಾರ್ಜುನ ರಿಜಿಸ್ಟರಿನ ಕಡೆ ಕೈ ಚಾಚಿದ. ಇನ್ಸ್‌ಪೆಕ್ಟರ್ ಅದನ್ನು ಆಗಲೇ ಕಂಕುಳಲ್ಲಿ ಇಟ್ಟುಕೊಂಡಿದ್ದರು. ಮಾಡಿದ್ದುಣ್ಣೋ ಮಹರಾಯ ಎಂದು ಯಾರೋ ಹಿಂದಿನಿಂದ ಅಂದರು. ಚಿಕ್ಕನ ಮುಖದ ಮೇಲೆ ಒಂದು ಗೆರೆಯೂ ಕದಲಲಿಲ್ಲ. ಅವನು ಬೇಕೆಂದೇ ಬರೆದನೋ, ಆರ್ಡರ್ ಎಂದು ಬರೆದನೋ, ಊರಿನವರು ಇಂದಿಗೂ ಕೇಳುತ್ತಾರೆ. ಅವನು ಇಂದಿಗೂ ಹೇಳಿಲ್ಲ.

“ಬನ್ನಿ, ದಾರಿ ತೋರಿಸಿ,” ಎಂದರು ಇನ್ಸ್‌ಪೆಕ್ಟರ್. ಗಂಟೆ ಒಂಬತ್ತೂವರೆ ದಾಟಿತ್ತು. ತೋರಿಸುವವರು ಆಗಲೇ ಮುಂದೆ ಹೋಗಿದ್ದರು, ಬಾಲ ಮೇಲೆ ಮಾಡಿಕೊಂಡು. ಹೆಂಗಸರ ಕಾಲು ಬಿದ್ದು ಗೇಣಗಲದ ಮಣ್ಣು ಈಗ ಎರಡು ಮೊಳ ಅಗಲವಾಗಿತ್ತು. ಇನ್ಸ್‌ಪೆಕ್ಟರ್ ಬಗ್ಗಿ ಟೇಪು ಹಿಡಿದು ಅಳೆದರು, ಬರೆದುಕೊಂಡರು. ವರದಿ ಮೇಲಕ್ಕೆ ಹೋಯಿತು. ಗೇಟು ಬೇಕಾದರೆ ಇಟ್ಟುಕೊಳ್ಳಿ, ಬೀಗ ಹಾಕುವಂತಿಲ್ಲ, ಯಾರನ್ನೂ ತಡೆಯುವಂತಿಲ್ಲ ಎಂದು ಹತ್ತು ದಿನದಲ್ಲಿ ಕಾಗದ ಬಂತು.

ಕಾಗದ ಬಂದ ಮೂರನೇ ದಿನಕ್ಕೆ ಪರಮೇಶಪ್ಪನ ವರ್ಷದ ಪೂಜೆ. ಹೋಳಿಗೆ, ಅಕ್ಕಿರೊಟ್ಟಿ, ಹೂವು, ಪತ್ರೆ ಹೊತ್ತು ಹೊನ್ನೆಕೊಡ್ಲು ಪೂರ್ತಿ ಹೊರಟಿತು. ಸಾಂತಪ್ಪ ಮೀಸೆ ತಿರುವಿಕೊಂಡು ಎಲ್ಲರಿಗಿಂತ ಮುಂದೆ ನಡೆದ, ದಾರಿಯನ್ನು ತಾನೇ ಕಡಿದವನ ಹಾಗೆ. ಒಬ್ಬೊಬ್ಬರ ಹೆಸರು ಬರೆಯಲು ಪುರುಸೊತ್ತಾಗದೆ ಚಿಕ್ಕ ಅಂದು ಹೊಸ ಪುಸ್ತಕದಲ್ಲಿ ಒಂದೇ ಸಾಲು ಬರೆದ. “ಊರು. ಸೈನ್ ಇಲ್ಲ.”

ಅಯ್ಯನವರು ಪೂಜೆ ಮುಗಿಸಿ ಎದ್ದರು. ಚನ್ನಬಸಮ್ಮ ಒಂದು ರೊಟ್ಟಿ ತೆಗೆದುಕೊಂಡು ಹೊನ್ನೆಮರದ ಕೆಳಗೆ ಹೋಗಿ ಮುರಿದಳು. “ಬಾ, ಚೂಟಿ,” ಎಂದಳು. ಮಂಜೇಶ್ ತಲೆಯೆತ್ತಿ ಅಮ್ಮನನ್ನು ನೋಡಿದ. ಅರ್ಧ ರೊಟ್ಟಿ ಕಚ್ಚಿಕೊಳ್ಳುವಾಗ ನಾಯಿಯ ಒದ್ದೆ ಮೂತಿ ಅವಳ ಅಂಗೈಗೆ ತಗುಲಿತು. ಅವಳು ಕೈಯನ್ನು ಒಮ್ಮೆ ನೋಡಿಕೊಂಡು ಸೀರೆಗೆ ಒರೆಸಿದಳು. ಸ್ನಾನ ಸಾಯಂಕಾಲ ಮಾಡಿದರಾಯಿತು.

ಆಮೇಲೆ ಸಮಾಧಿಯ ಹತ್ತಿರ ಬಂದು ನಿಂತಳು. ತಗ್ಗಿದ ಆ ತಲೆ ವರ್ಷವಿಡೀ ಅವಳ ಕಣ್ಣಮುಂದಿತ್ತು. ಅಳು ಬಂತು, ಅತ್ತಳು. ಮುಖ ಒರೆಸಿಕೊಂಡು ತಿರುಗಿದಾಗ ದನಿ ಗಟ್ಟಿಯಾಗಿಯೇ ಇತ್ತು.

“ಸಾಂತಪ್ಪಣ್ಣ, ಮಂಜೇಶ, ಎಲ್ರೂ ಕೇಳಿಸ್ಕಳಿ. ನಾನು ಹೋದಾಗ ಇದೇ ದಾರಿ. ಹೆಗಲ ಮ್ಯಾಲೆ. ಪಿಕಪ್ ತಂದವ್ನ ನಾನು ಸುಮ್ನೆ ಬಿಡಾಕಿಲ್ಲ.”

“ಆಯ್ತು ಕಣಕ್ಕ,” ಎಂದ ಸಾಂತಪ್ಪ ನೆಲ ನೋಡುತ್ತ. “ಆದ್ರೆ ಆವತ್ಗೆ ಇನ್ಯಾರೋ ಮಾಲೀಕ ಬಂದು ಇನ್ನೊಂದ್ ಬೀಗ ಹಾಕಿದ್ರೆ?”

“ಹಾಕಿದ್ರೆ ಗೇಟ್ ಮುಂದೆ ನನ್ನ ಇಳಿಸ್ಬುಟ್ಟು ನೀವು ಮನೆಗೋಗಿ ಉಣ್ಣಿ. ನಮ್ ಪೈಕಿ ಹೆಣ ಹೆಂಗೂ ಕೂತೇ ಇರ್ತದಲ್ಲ. ತೆಗೆಯೋಗಂಟ ಕೂತಿರ್ತೀನಿ.”